ಆರ್‌ವಿ ಊರಾಚೆ ನಿಲ್ಲಲಿ, ವಾಷಿಂಗ್ಟನ್ ರೈಲಲ್ಲಿ ನೋಡಿ

ಆರ್‌ವಿಯನ್ನು, ಅಂದರೆ ಹಾಸಿಗೆ, ಒಲೆ, ಬಾತ್‌ರೂಮ್ ಎಲ್ಲ ಇರುವ ಮನೆಯಂಥ ಗಾಡಿಯನ್ನು, ಅಮೆರಿಕದ ರಾಜಧಾನಿ ವಾಷಿಂಗ್ಟನ್ ಊರೊಳಗೆ ಒಯ್ಯಬೇಡಿ. ಉಳಿದದ್ದೆಲ್ಲ ಆಮೇಲೆ. ಈ ಒಂದು ಮಾತು ನೆನಪಿಟ್ಟುಕೊಂಡರೆ ನಿಮ್ಮ ಪ್ರವಾಸದ ಅರ್ಧ ತಲೆನೋವು ಹೋದ ಹಾಗೆ.

ನಾವು ಹೋಗಿದ್ದು 2025ರ ಏಪ್ರಿಲ್‌ನಲ್ಲಿ, ಮಕ್ಕಳ ಸ್ಪ್ರಿಂಗ್ ಬ್ರೇಕಿಗೆ. ಒಟ್ಟು ಐದು ಜನ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮತ್ತೆ ಎಪ್ಪತ್ತು ದಾಟಿದ ನಮ್ಮ ಅತ್ತೆ. ಅತ್ತೆಗೆ ಮಂಡಿನೋವು. ಹೋಟೆಲ್ ಬಿಟ್ಟು ಆರ್‌ವಿ ಬಾಡಿಗೆಗೆ ತಗೊಂಡಿದ್ದೇ ಅವರಿಗಾಗಿ. ದಾರಿಯಲ್ಲಿ ಬೇಕಾದಾಗ ಮಲಗಬಹುದು, ಬಾತ್‌ರೂಮ್ ನಮ್ಮದೇ, ಅನ್ನಕ್ಕೆ ಇಡಲು ಒಲೆ ಇದೆ. ಆದರೆ ಇದೆಲ್ಲ ಸುಖ ಗಾಡಿ ನಿಂತಾಗ. ಊರೊಳಗೆ 25 ಅಡಿ ಉದ್ದದ ಗಾಡಿಗೆ ಪಾರ್ಕಿಂಗ್ ಹುಡುಕುವುದು ಬೇರೆಯೇ ಕಥೆ.

ಬುಕ್ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಚಿಕ್ಕ ಮಕ್ಕಳ ಕಾರ್ ಸೀಟನ್ನು ಎಲ್ಲಿ ಕಟ್ಟಬಹುದು? ಎಲ್ಲ ಆರ್‌ವಿಯಲ್ಲೂ ಅದಕ್ಕೆ ಸರಿಯಾದ ಜಾಗ ಇರುವುದಿಲ್ಲ. ಮುಂದಕ್ಕೆ ಮುಖ ಮಾಡಿದ ಸೀಟು, ಅದಕ್ಕೆ ಗಟ್ಟಿ ಬೆಲ್ಟ್ ಇರಲೇಬೇಕು. ಎರಡನೆಯದು, ನಿಮ್ಮ ಕಾರಿನ ಇನ್ಶೂರೆನ್ಸ್ ಈ ಗಾಡಿಗೂ ಬರುತ್ತದೆಯೇ? ಸಾಮಾನ್ಯವಾಗಿ ಬರಲ್ಲ. ಪೆಟ್ರೋಲ್ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಒಂದು ಗ್ಯಾಲನ್‌ಗೆ ಎಂಟರಿಂದ ಹತ್ತು ಮೈಲಿ ಅಷ್ಟೇ.

ಗಾಡಿ ಕೈಗೆ ಬಂದ ಕೂಡಲೇ ಅದರ ಎತ್ತರ ಕೇಳಿ, ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಮೇಲಿನ ಎಸಿ ಸೇರಿಸಿ ಎಷ್ಟು ಅಂತ ಕೇಳಬೇಕು. ವಾಷಿಂಗ್ಟನ್ ಸುತ್ತ ಪಾರ್ಕ್‌ವೇ ಅಂತ ಹೆಸರಿರುವ ರಸ್ತೆಗಳಿವೆ. ನೋಡಲು ತುಂಬಾ ಚೆನ್ನಾಗಿವೆ, ಆದರೆ ಕೆಲವು ಕಡೆ ಕಲ್ಲಿನ ಸೇತುವೆಗಳು ತಗ್ಗಾಗಿವೆ. ಫೋನಿನ ಮ್ಯಾಪ್ ನಿಮ್ಮದು ಕಾರು ಅಂದುಕೊಂಡೇ ದಾರಿ ತೋರಿಸುತ್ತದೆ. ಚೀಟಿ ಕಣ್ಣ ಮುಂದೆ ಇದ್ದರೆ ಸೇತುವೆಯ ಬೋರ್ಡ್ ಕಂಡ ಕ್ಷಣ ಹೋಲಿಸಬಹುದು.

ಈಗ ದಾರಿಯ ವಿಷಯ. ನ್ಯೂಜೆರ್ಸಿ ಕಡೆಯಿಂದ ಬರುವವರು ಇದನ್ನು ಗಮನವಿಟ್ಟು ಓದಿ. ಐ-95 ಹೆದ್ದಾರಿ ಹಿಡಿದು ಬಂದರೆ ಬಾಲ್ಟಿಮೋರ್‌ನಲ್ಲಿ ಫೋರ್ಟ್ ಮೆಕ್‌ಹೆನ್ರಿ ಸುರಂಗ ಸಿಗುತ್ತದೆ. ಪಕ್ಕದಲ್ಲೇ ಹಾರ್ಬರ್ ಟನಲ್ ಇದೆ. ಆರ್‌ವಿಯಲ್ಲಿ ಅಡುಗೆಗೆ, ಬಿಸಿನೀರಿಗೆ ಪ್ರೊಪೇನ್ ಗ್ಯಾಸ್ ಇರುತ್ತಲ್ವಾ? 10 ಪೌಂಡಿಗಿಂತ ದೊಡ್ಡ ಪ್ರೊಪೇನ್ ಸಿಲಿಂಡರ್ ಇರುವ ಗಾಡಿ ಈ ಎರಡೂ ಸುರಂಗದೊಳಗೆ ಹೋಗುವಂತಿಲ್ಲ. ಮೊದಲೆಲ್ಲ ಅಂಥ ಗಾಡಿಗಳು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ದಾಟಿ ಹೋಗುತ್ತಿದ್ದವು. 2024ರ ಮಾರ್ಚ್ 26ರಂದು ಹಡಗು ಗುದ್ದಿ ಆ ಸೇತುವೆ ಬಿದ್ದುಹೋಯಿತು. ಹಾಗಾಗಿ ಐ-695ರ ಪಶ್ಚಿಮ ಭಾಗ ಹಿಡಿದು ಊರನ್ನು ಸುತ್ತಿಕೊಂಡು ಬರಬೇಕು. ಹಳೆಯ ಪ್ರವಾಸ ಬರಹಗಳಲ್ಲಿ ಇನ್ನೂ ಸೇತುವೆ ದಾರಿಯನ್ನೇ ಹೇಳಿರುತ್ತಾರೆ, ನಂಬಬೇಡಿ. ಸುಮಾರು 200 ಮೈಲಿ ದಾರಿ ನಮಗೆ ಐದೂವರೆ ಗಂಟೆ ಹಿಡಿಯಿತು. ಎಷ್ಟೇ ತಡವಾದರೂ ಕತ್ತಲಾಗುವ ಮುಂಚೆ ಕ್ಯಾಂಪ್‌ಗ್ರೌಂಡ್, ಅಂದರೆ ಆರ್‌ವಿ ನಿಲ್ಲಿಸಿ ಉಳಿಯುವ ಜಾಗ, ಮುಟ್ಟುವ ಹಾಗೆ ಹೊರಡಿ. ಇಷ್ಟು ದೊಡ್ಡ ಗಾಡಿಯನ್ನು ಕತ್ತಲಲ್ಲಿ ರಿವರ್ಸ್ ತಗೊಳ್ಳುವುದು ಹೊಸಬರ ಕೆಲಸ ಅಲ್ಲ.

ಇನ್ನೊಂದು ವಿಷಯ. ಹೊರಟ ಹತ್ತು ನಿಮಿಷಕ್ಕೇ ಒಂದು ತಿರುವಿನಲ್ಲಿ ಮೇಲಿನ ಕಪಾಟು ತೆರೆದುಕೊಂಡು ಎಣ್ಣೆ ಬಾಟಲಿ ಕೆಳಗೆ ಬಿತ್ತು. ಮುಚ್ಚಳ ಸಡಿಲ ಇತ್ತು. ಕಾರ್ಪೆಟ್ಟಿಗೆಲ್ಲ ಎಣ್ಣೆ. ಪಕ್ಕದ ಸೀಟಿನಲ್ಲೇ ಅತ್ತೆ ಕೂತಿದ್ದರು, ತಲೆ ಮೇಲೆ ಬಿದ್ದಿದ್ದರೆ ಅಂತ ನನಗೆ ಕೈಕಾಲು ನಡುಗಿತು. ಅವತ್ತಿನಿಂದ ಮಗಳಿಗೆ ಒಂದು ಕೆಲಸ ಕೊಟ್ಟೆವು. ಗಾಡಿ ಸ್ಟಾರ್ಟ್ ಆಗುವ ಮುಂಚೆ ಅವಳು ಒಂದೊಂದು ಕಪಾಟನ್ನೂ ಕೈಯಲ್ಲಿ ಎಳೆದು ನೋಡಬೇಕು, ಫ್ರಿಜ್ ಬಾಗಿಲು ನೋಡಬೇಕು, ಮೇಲಿನ ಕಿಂಡಿ ಮುಚ್ಚಿದೆಯಾ, ಮೆಟ್ಟಿಲು ಒಳಗೆ ಹೋಗಿದೆಯಾ ನೋಡಬೇಕು. "ಎಲ್ಲಾ ಸರಿ ಅಪ್ಪಾ" ಅಂತ ಅವಳು ಕೂಗಿದ ಮೇಲೆಯೇ ಗಾಡಿ ಹೊರಡುವುದು. ಭಾರದ ಸಾಮಾನು ಮೇಲೆ ಇಡಲೇಬೇಡಿ.

ನಾವು ಉಳಿದದ್ದು ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ಚೆರ್ರಿ ಹಿಲ್ ಪಾರ್ಕ್ ಅನ್ನುವ ಕ್ಯಾಂಪ್‌ಗ್ರೌಂಡ್‌ನಲ್ಲಿ. ಐ-95 ಮತ್ತು ಐ-495 ಸೇರುವ ಜಾಗಕ್ಕೆ ಹತ್ತಿರ, ಊರೊಳಗೆ ನುಗ್ಗಬೇಕಿಲ್ಲ. ಕರೆಂಟು, ನೀರು, ಕೊಳಚೆ ಹೋಗುವ ಪೈಪು ಮೂರೂ ನಿಮ್ಮ ಜಾಗದಲ್ಲೇ ಇರುವ ಫುಲ್ ಹುಕಪ್ ಸೈಟ್ ತಗೊಳ್ಳಿ. ಐದು ಜನ ಸ್ನಾನ ಮಾಡಿದರೆ ಬಳಸಿದ ನೀರು ಸೇರುವ ಗ್ರೇ ಟ್ಯಾಂಕ್ ಬೇಗ ತುಂಬುತ್ತದೆ, ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಹತ್ತಿರದಲ್ಲೇ ನ್ಯಾಷನಲ್ ಪಾರ್ಕ್ ಸರ್ವಿಸ್ ನಡೆಸುವ ಗ್ರೀನ್‌ಬೆಲ್ಟ್ ಪಾರ್ಕ್ ಇದೆ. ಅಲ್ಲಿ ಬಾಡಿಗೆ ಕಡಿಮೆ, ಮರಗಳ ನೆರಳು, ಆದರೆ ಹುಕಪ್ ಇಲ್ಲ. ವಯಸ್ಸಾದವರು ಜೊತೆಗಿದ್ದರೆ ನಾನಂತೂ ಮೊದಲನೆಯದನ್ನೇ ಹೇಳುತ್ತೇನೆ. ಮತ್ತೆ ಒಂದು ಗಟ್ಟಿ ಸ್ಟೂಲ್ ಒಯ್ಯಿರಿ. ಆರ್‌ವಿ ಮೆಟ್ಟಿಲು ನೆಲದಿಂದ ಎತ್ತರ, ಮಂಡಿನೋವಿನವರಿಗೆ ಕಷ್ಟ.

ಚೆರ್ರಿ ಹಿಲ್‌ನಿಂದ ಕಾಲೇಜ್ ಪಾರ್ಕ್ ಮೆಟ್ರೋ ಸ್ಟೇಷನ್ ಹತ್ತಿರ. ಬಸ್ ಸಮಯವನ್ನು ಕ್ಯಾಂಪ್‌ಗ್ರೌಂಡ್ ಆಫೀಸಿನಲ್ಲೇ ಕೇಳಿಕೊಳ್ಳಿ. ಗ್ರೀನ್ ಲೈನ್ ರೈಲು ಹತ್ತಿದರೆ ನೇರ ಊರ ನಡುವೆ ಇಳಿಸುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಒಬ್ಬ ದೊಡ್ಡವರ ಜೊತೆ ಅಂಥ ಇಬ್ಬರು ಮಕ್ಕಳು ಹೋಗಬಹುದು. ಉಳಿದವರಿಗೆ ನಾವು ಹೋದಾಗ ತಲೆಗೊಂದು ಸ್ಮಾರ್ಟ್‌ಟ್ರಿಪ್ ಅನ್ನುವ ಮೆಟ್ರೋ ಕಾರ್ಡ್ ಬೇಕಿತ್ತು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲು ಆಗಲ್ಲ. ಎಲ್ಲ ಸ್ಟೇಷನ್‌ನಲ್ಲೂ ಲಿಫ್ಟ್ ಇದೆ, ಅತ್ತೆ ಒಂದು ಕಡೆಯೂ ಎಸ್ಕಲೇಟರ್ ಹತ್ತಲಿಲ್ಲ. ರೈಲಿನೊಳಗೆ ತಿನ್ನುವ ಹಾಗಿಲ್ಲ, ಹಸಿವಿನ ಮಕ್ಕಳಿಗೆ ಸ್ಟೇಷನ್ ಹೊರಗೇ ಏನಾದರೂ ಕೊಟ್ಟುಬಿಡಿ. ಊರೊಳಗೆ ಓಡಾಡಲು ಸರ್ಕ್ಯುಲೇಟರ್ ಬಸ್ ಹತ್ತಿ ಅಂತ ಯಾರಾದರೂ ಹೇಳಿದರೆ, ಅದು 2024ರ ಕೊನೆಗೇ ನಿಂತುಹೋಗಿದೆ.

ದಿನಕ್ಕೆ ಒಂದೇ ದೊಡ್ಡ ಜಾಗ. ನಾವು ಹೊರಡುವ ಮುಂಚೆಯೇ ಇಟ್ಟುಕೊಂಡ ನಿಯಮ ಇದು. ಮ್ಯೂಸಿಯಂ, ಸ್ಮಾರಕಗಳ ನಡುವಿನ ಉದ್ದನೆಯ ಬಯಲು ನ್ಯಾಷನಲ್ ಮಾಲ್ ನಕ್ಷೆಯಲ್ಲಿ ಒಂದು ಪಾರ್ಕಿನಷ್ಟು ಕಾಣುತ್ತದೆ. ಅದರ ಒಂದು ತುದಿಯ ಕ್ಯಾಪಿಟಲ್‌ನಿಂದ (ಸಂಸತ್ ಭವನ) ಇನ್ನೊಂದು ತುದಿಯ ಲಿಂಕನ್ ಸ್ಮಾರಕಕ್ಕೆ ನಡೆದರೆ ಎರಡು ಮೈಲಿ. ನಾಲ್ಕು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜಿಗೂ ಅದು ತುಂಬಾ ದೂರ.

ಮೊದಲ ದಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಆರ್ಕೈವ್ಸ್ ಸ್ಟೇಷನ್‌ನಲ್ಲಿ ಇಳಿದರೆ ಹತ್ತಿರ. ಇದು ಸ್ಮಿತ್ಸೋನಿಯನ್ ಸಂಸ್ಥೆಯದ್ದು, ವಾಷಿಂಗ್ಟನ್‌ನಲ್ಲಿರುವ ಆ ಸಂಸ್ಥೆಯ ಮ್ಯೂಸಿಯಂಗಳಿಗೆಲ್ಲ ಪ್ರವೇಶ ಪುಕ್ಕಟೆ. ಬೆಳಗ್ಗೆ 10ಕ್ಕೆ ಬಾಗಿಲು ತೆಗೆಯುತ್ತಾರೆ, ನೀವು ಕಾಲು ಗಂಟೆ ಮುಂಚೆ ಸಾಲಿನಲ್ಲಿರಿ. ಒಳಗೆ ಗಾಲಿಕುರ್ಚಿ ಬಾಡಿಗೆ ಇಲ್ಲದೆ ಕೊಡುತ್ತಾರೆ, ಮೊದಲು ಬಂದವರಿಗೆ ಮೊದಲು. ಅತ್ತೆ ಮೊದಲು ಬೇಡ ಬೇಡ ಅಂದರು. ಅರ್ಧ ಗಂಟೆ ಆದಮೇಲೆ ಅವರೇ ಕೇಳಿದರು. ನಡುಮನೆಯಲ್ಲೇ ಒಂದು ದೊಡ್ಡ ಆಫ್ರಿಕನ್ ಆನೆ ಸೊಂಡಿಲೆತ್ತಿ ನಿಂತಿದೆ. ಮಗ ಅದರ ಸುತ್ತ ಮೂರು ಸಲ ಓಡಿದ.

ಅತ್ತೆಗೆ ಎಲ್ಲಕ್ಕಿಂತ ಹಿಡಿಸಿದ್ದು ಹೋಪ್ ವಜ್ರ. 45.52 ಕ್ಯಾರೆಟ್, ಕಡು ನೀಲಿ. ಒಂದು ಗಾಜಿನ ಪೆಟ್ಟಿಗೆಯೊಳಗೆ ನಿಧಾನವಾಗಿ ತಿರುಗುತ್ತಿರುತ್ತದೆ. ದೂರದಿಂದ ನೋಡಿದರೆ ಕಪ್ಪಗೇ ಕಾಣುತ್ತದೆ, ಬೆಳಕಿಗೆ ತಿರುಗಿದಾಗ ಮಾತ್ರ ಒಳಗಿನಿಂದ ನೀಲಿ ಮಿಂಚಿ ಬರುತ್ತದೆ. ಇದು ನಮ್ಮ ಕೃಷ್ಣಾ ನದಿ ದಂಡೆಯ ಕೊಲ್ಲೂರು ಗಣಿಯದ್ದು ಅಂತ ಹೇಳುತ್ತಾರೆ. ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ ಕೊಲ್ಲೂರು. ಅಲ್ಲಿಂದ ಫ್ರಾನ್ಸಿನ ರಾಜರ ಕೈಗೆ ಹೋಗಿ, ಕಳುವಾಗಿ, ಏನೆಲ್ಲ ಆಗಿ, ಕೊನೆಗೆ 1958ರಲ್ಲಿ ಹ್ಯಾರಿ ವಿನ್‌ಸ್ಟನ್ ಅನ್ನುವ ವಜ್ರದ ವ್ಯಾಪಾರಿ ಅದನ್ನು ಮ್ಯೂಸಿಯಂಗೆ ದಾನ ಕೊಟ್ಟರು. ಕಳಿಸಿದ್ದು ಹೇಗೆ ಗೊತ್ತಾ? ರಿಜಿಸ್ಟರ್ಡ್ ಪೋಸ್ಟಲ್ಲಿ! ಇದನ್ನು ಓದಿ ಹೇಳಿದಾಗ ಅತ್ತೆ ಗಾಲಿಕುರ್ಚಿಯಿಂದ ಎದ್ದು ನಿಂತು ಇನ್ನೊಂದು ಸಲ ನೋಡಿದರು. ಆ ಕೋಣೆಯಲ್ಲಿ ಜನ ಜಾಸ್ತಿ. ಬಂದ ತಕ್ಷಣ ಅಲ್ಲಿಗೇ ಮೊದಲು ಹೋಗಿ, ಡೈನೋಸಾರ್ ಆಮೇಲೆ ನೋಡಬಹುದು.

ಎರಡನೇ ದಿನ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ. ಇದೂ ಪುಕ್ಕಟೆಯೇ, ಆದರೆ ನಾವು ಹೋದಾಗ ಸಮಯ ಹಾಕಿದ ಪಾಸ್ ಬೇಕಿತ್ತು. ಹೊರಡುವ ಮುಂಚೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ತೆಗೆದಿಟ್ಟುಕೊಳ್ಳಿ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನವನ್ನೇ ಅಲ್ಲಿ ನೋಡಬಹುದು. ಮಾದರಿ ಅಲ್ಲ, ಆ ವಿಮಾನವೇ. ಅಪೋಲೋ 11ರ ಗಗನಯಾತ್ರಿಗಳು ಚಂದ್ರನಿಂದ ವಾಪಸ್ ಬಂದ ಕೊಲಂಬಿಯಾ ನೌಕೆಯೂ ಇದೆ. "ಇಷ್ಟು ಚಿಕ್ಕದರಲ್ಲಿ ಮೂರು ಜನನಾ?" ಅಂತ ಮಗಳು ಕೇಳಿದಳು. ನಮ್ಮ ಆರ್‌ವಿಯ ಊಟದ ಮೇಜಿನ ಜಾಗಕ್ಕೆ ಹೋಲಿಸಿ ಅಪ್ಪ ವಿವರಿಸಿದರು, ತಟ್ಟನೆ ಅರ್ಥವಾಯಿತು. ಸ್ಪೇಸ್ ಶಟಲ್ ಡಿಸ್ಕವರಿ ನೋಡಬೇಕು ಅಂದರೆ ಅದು ಇಲ್ಲಿಲ್ಲ. ವರ್ಜೀನಿಯಾದ ಶಾಂಟಿಲಿಯಲ್ಲಿರುವ ಇನ್ನೊಂದು ಕಟ್ಟಡದಲ್ಲಿದೆ, ಅದಕ್ಕೆ ಬೇರೆ ಒಂದು ದಿನ ಬೇಕು.

ವಾಪಸ್ ಬರುವಾಗ ಒಂದು ಸಂತೋಷದ ವಿಷಯ ಗೊತ್ತಾಯಿತು. ಕಾಲೇಜ್ ಪಾರ್ಕ್ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಒಂದು ಪುಟ್ಟ ವಿಮಾನ ನಿಲ್ದಾಣವಿದೆ. 1909ರಲ್ಲಿ ವಿಲ್ಬರ್ ರೈಟ್ ಸೈನ್ಯದ ಅಧಿಕಾರಿಗಳಿಗೆ ವಿಮಾನ ಹಾರಿಸಲು ಕಲಿಸಿದ್ದು ಅಲ್ಲಿಯೇ. ಅವತ್ತಿನಿಂದ ಇವತ್ತಿನವರೆಗೂ ನಡೆಯುತ್ತಿದೆ, ಜಗತ್ತಿನಲ್ಲೇ ಅಷ್ಟು ಹಳೆಯದು ಬೇರೆ ಇಲ್ಲ. ಪಕ್ಕದಲ್ಲಿ ಚಿಕ್ಕ ಮ್ಯೂಸಿಯಂ ಇದೆ, ಮಕ್ಕಳಿಗೆ ಮುಟ್ಟಿ ಆಡಲು ಬಿಡುತ್ತಾರೆ. ಬೆಳಗ್ಗೆ ನೋಡಿದ ವಿಮಾನದ ಮುಂದಿನ ಕಥೆ ಮನೆ ಬಾಗಿಲಲ್ಲೇ ಸಿಕ್ಕ ಹಾಗಾಯಿತು. ಮಳೆ ಬಂದ ದಿನಕ್ಕೂ ಇದು ಒಳ್ಳೆಯ ಜಾಗ.

ಮೂರನೇ ದಿನ ಝೂ. ಪ್ರವೇಶಕ್ಕೆ ದುಡ್ಡಿಲ್ಲ, ಪಾಸ್ ಮಾತ್ರ ಆನ್‌ಲೈನ್‌ನಲ್ಲಿ ತಗೊಂಡೆವು. ಬಾವೊ ಲೀ, ಚಿಂಗ್ ಬಾವೊ ಅನ್ನುವ ಎರಡು ಪಾಂಡಾಗಳು 2025ರ ಜನವರಿಯಿಂದ ಜನರಿಗೆ ಕಾಣಿಸಿಕೊಳ್ಳುತ್ತಿವೆ. ಬೆಳಗಿನ ತಂಪಿನಲ್ಲಿ ಹೋಗಿ, ಬಿಸಿಲೇರಿದರೆ ಮಲಗಿಬಿಡುತ್ತವೆ. ಒಂದು ಉಪಾಯ ಹೇಳುತ್ತೇನೆ. ಝೂ ಇರುವುದು ರೆಡ್ ಲೈನಿನ ಎರಡು ಸ್ಟೇಷನ್‌ಗಳ ನಡುವೆ. ಹೋಗುವಾಗ ಕ್ಲೀವ್‌ಲ್ಯಾಂಡ್ ಪಾರ್ಕ್‌ನಲ್ಲಿ ಇಳಿಯಿರಿ, ದಾರಿ ಸಮತಟ್ಟು. ಬರುವಾಗ ವುಡ್ಲಿ ಪಾರ್ಕ್ ಕಡೆ ನಡೆಯಿರಿ, ಅದು ಇಳಿಜಾರು. ಝೂ ಒಳಗೂ ಇಳಿಜಾರಿದೆ, ಕೆಳಗೆ ಇಳಿದಷ್ಟೂ ಮತ್ತೆ ಹತ್ತಬೇಕು ಅನ್ನುವುದು ನೆನಪಿರಲಿ. ನಾವು ಕೆಳಗಿನ ತುದಿಯವರೆಗೆ ಹೋಗಲೇ ಇಲ್ಲ.

ಅದೇ ರೆಡ್ ಲೈನಿನ ಡುಪಾಂಟ್ ಸರ್ಕಲ್‌ನಲ್ಲಿ ಇಳಿದು ಮ್ಯಾಸಚೂಸೆಟ್ಸ್ ಅವೆನ್ಯೂ ಹಿಡಿದರೆ ಭಾರತದ ರಾಯಭಾರ ಕಚೇರಿ ಎದುರು ಗಾಂಧೀಜಿ ಪ್ರತಿಮೆ ಸಿಗುತ್ತದೆ. 2000ದಲ್ಲಿ ವಾಜಪೇಯಿಯವರು ಬಂದಾಗ ಅನಾವರಣವಾಗಿದ್ದು. ಕೋಲು ಹಿಡಿದು ನಡೆಯುತ್ತಿರುವ ಗಾಂಧಿ. ಹತ್ತು ನಿಮಿಷದ ನಿಲುಗಡೆ ಅಷ್ಟೇ, ಆದರೆ ಬಿಡಬೇಡಿ.

ವಾಷಿಂಗ್ಟನ್ ಸ್ಮಾರಕದ ತುದಿಗೆ ಹೋಗಬೇಕಾದರೆ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ 30 ದಿನ ಮುಂಚೆ ಬುಕ್ ಮಾಡಿ, ಒಂದು ಟಿಕೆಟ್‌ಗೆ 1 ಡಾಲರ್. ಬುಕ್ ಆಗದಿದ್ದರೆ ಅದೇ ದಿನದ ಟಿಕೆಟ್ ಪುಕ್ಕಟೆ ಸಿಗುತ್ತದೆ, ಆದರೆ ಬೆಳಗ್ಗೆ ಬೇಗ ಸಾಲು ನಿಲ್ಲಬೇಕು. 555 ಅಡಿ ಎತ್ತರ, ಲಿಫ್ಟಲ್ಲೇ ಹೋಗುವುದು. ಕೆಳಗಿನಿಂದ ಮಕ್ಕಳಿಗೆ ತೋರಿಸಿ, ಸುಮಾರು 150 ಅಡಿ ಎತ್ತರದಲ್ಲಿ ಕಲ್ಲಿನ ಬಣ್ಣ ಬದಲಾಗುತ್ತದೆ. ದುಡ್ಡು ಸಾಲದೆ, ಆಮೇಲೆ ಸಿವಿಲ್ ವಾರ್ ಬಂದು, ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ನಿಂತಿತ್ತು. ಮತ್ತೆ ಶುರು ಮಾಡಿದಾಗ ಮೊದಲಿನ ಕಲ್ಲಿಗೆ ಹೊಂದುವ ಕಲ್ಲು ಸಿಗಲಿಲ್ಲ.

ಲಿಂಕನ್ ಸ್ಮಾರಕವನ್ನು ಮಾತ್ರ ರಾತ್ರಿ ನೋಡಿ. ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ. ಹತ್ತಿರದ ಮೆಟ್ರೋ ಫಾಗಿ ಬಾಟಮ್, ಅಲ್ಲಿಂದ ಸುಮಾರು ಒಂದು ಮೈಲಿ. ನಾವು ಸ್ಟೇಷನ್‌ನಿಂದ ಟ್ಯಾಕ್ಸಿ ಮಾಡಿಕೊಂಡೆವು. ದೀಪದ ಬೆಳಕಲ್ಲಿ 19 ಅಡಿಯ ಬಿಳಿ ಲಿಂಕನ್ ಕೂತಿರುವುದನ್ನು ನೋಡಿ ಮಗ ದನಿ ತಗ್ಗಿಸಿ ಮಾತಾಡತೊಡಗಿದ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ ಜಾಗದಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತಿದ್ದಾರೆ. ಮೆಟ್ಟಿಲುಗಳ ನಡುವಿನ ಹಾಸಿನಲ್ಲಿದೆ, ಕತ್ತಲಲ್ಲಿ ಸುಲಭಕ್ಕೆ ಕಾಣಲ್ಲ. ಮಗಳು ಮಂಡಿಯೂರಿ ಕೂತು, ಫೋನಿನ ಬೆಳಕು ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ಓದಿದಳು. ಅತ್ತೆ ಕೆಳಗೆ ಬೆಂಚಿನ ಮೇಲೆ ಕೂತು ಕೊಳದಲ್ಲಿ ವಾಷಿಂಗ್ಟನ್ ಸ್ಮಾರಕದ ಪ್ರತಿಬಿಂಬ ನೋಡುತ್ತಿದ್ದರು. ಅವತ್ತು ಮಧ್ಯಾಹ್ನ ಆರ್‌ವಿಗೆ ವಾಪಸ್ ಬಂದು, ಮೊಸರನ್ನ ಉಂಡು, ಎರಡು ಗಂಟೆ ಮಲಗಿದ್ದರು. ಹಾಗಾಗಿ ರಾತ್ರಿ ಬರಲು ಆಯಿತು. ವಯಸ್ಸಾದವರಿರಲಿ, ಮಕ್ಕಳಿರಲಿ, ರಾತ್ರಿಯ ಕಾರ್ಯಕ್ರಮ ಇದ್ದ ದಿನ ಮಧ್ಯಾಹ್ನ ಬೇರೇನೂ ಇಟ್ಟುಕೊಳ್ಳಬೇಡಿ.

ಹೊರಡುವ ಬೆಳಗ್ಗೆಗೆ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ, ಟ್ಯಾಂಕ್ ಖಾಲಿ ಮಾಡುವ ಕೆಲಸ ಇರುತ್ತದೆ. ಬಿಸಾಡುವ ಗ್ಲೌಸ್ ಹಾಕಿಕೊಳ್ಳಿ. ಕುಡಿಯುವ ನೀರಿನ ಪೈಪನ್ನು ಈ ಕೆಲಸದ ಹತ್ತಿರಕ್ಕೂ ತರಬೇಡಿ. ಮೊದಲು ಟಾಯ್ಲೆಟ್‌ನ ಬ್ಲಾಕ್ ಟ್ಯಾಂಕ್ ಬಿಡಿ, ಅದು ಪೂರ್ತಿ ಖಾಲಿ ಆದಮೇಲೆ ಸ್ನಾನ, ಪಾತ್ರೆ ತೊಳೆದ ನೀರಿನ ಗ್ರೇ ಟ್ಯಾಂಕ್ ಬಿಡಿ. ಆ ಸೋಪಿನ ನೀರೇ ಪೈಪನ್ನು ತೊಳೆದು ಹೋಗುತ್ತದೆ.