ತಾರೀಖು ತಪ್ಪಿದ ಹಕ್ಕಿಗಳು: ಬೇಸಿಗೆ ಪಟ್ಟಿಯ ಮೂರನೇ ವರ್ಷ

ಬಯಲುಸೀಮೆಯಲ್ಲಿ ಹಕ್ಕಿ ನೋಡುವವರು ಬೇಸಿಗೆ ಬಂತೆಂದರೆ ದುರ್ಬೀನು ಕಪಾಟಿಗೆ ಸೇರಿಸುತ್ತಾರೆ. ವಲಸೆ ಬಂದವು ಹೊರಟಿರುತ್ತವೆ, ಕೆರೆಗಳು ಬತ್ತಿರುತ್ತವೆ, ಹನ್ನೊಂದರ ಮೇಲೆ ಬಿಸಿಲಿಗೆ ನಿಲ್ಲಲು ಆಗುವುದಿಲ್ಲ. ನನಗೆ ರಜೆ ಸಿಗುವುದೇ ಆಗ. ಹಾಗಾಗಿ ಮೂರು ವರ್ಷದ ಹಿಂದೆ ಒಂದು ನೋಟ್‌ಬುಕ್ ಇಟ್ಟೆ. ಗದಗ, ಹಾವೇರಿ, ವಿಜಯನಗರ, ಬಳ್ಳಾರಿ ಸುತ್ತಮುತ್ತ. ಕಾಸಿದ್ದರೆ ಒಮ್ಮೆ ಕುಮಟಾ ಕಡೆ. ಏಪ್ರಿಲ್‌ನಿಂದ ಜೂನ್ ಕೊನೆವರೆಗೆ, ಆ ದಿನ ಆ ಜಾಗದಲ್ಲಿ ಇರಬಾರದಿದ್ದ ಹಕ್ಕಿ ಮಾತ್ರ ಪಟ್ಟಿಗೆ.

ಮೊದಲ ವರ್ಷ ಅಪರೂಪ ಅಂದರೆ ಹೆಸರೇ ಕೇಳಿರದ ಹಕ್ಕಿ ಅಂದುಕೊಂಡು ತಿರುಗಿದೆ. ಪಟ್ಟಿ ಖಾಲಿ. ಈಗ ನೋಟ್‌ಬುಕ್ ತೆರೆದರೆ ಬಹುತೇಕ ಗೊತ್ತಿರುವ ಹೆಸರುಗಳೇ. ಜನವರಿಯಲ್ಲಿ ಯಾರೂ ತಿರುಗಿ ನೋಡದ ಹಕ್ಕಿಯನ್ನು ಮೇ ತಿಂಗಳಲ್ಲಿ ಕಂಡು, ನಡುಗುವ ಕೈಯಲ್ಲಿ ಬರೆದದ್ದು.

ಏಪ್ರಿಲ್ 20, ಗದಗ ಜಿಲ್ಲೆಯ ಒಂದು ಕೆರೆ. ಹೆಸರು ಬೇಡ, ಕಾರಣ ಮುಂದೆ ಗೊತ್ತಾಗುತ್ತದೆ. ಪಟ್ಟೆತಲೆ ಹೆಬ್ಬಾತು, ಒಂದೇ ಒಂದು. ಈ ಜಿಲ್ಲೆಗೆ ಹೆಬ್ಬಾತು ಹೊಸದಲ್ಲ. ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿ ಸೇರಿರುವ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಂಡುಹಿಂಡಾಗಿ ಬರುತ್ತವೆ, ಸುತ್ತಲ ಹೊಲದಲ್ಲಿ ಮೇಯುತ್ತವೆ. ಆದರೆ ಏಪ್ರಿಲ್ ಕೊನೆಯ ಹೊತ್ತಿಗೆ ಅವು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆಯ ಸರೋವರಗಳ ದಾರಿಯಲ್ಲಿರಬೇಕು. ಇದು ಬೆಳ್ಳಕ್ಕಿಗಳ ನಡುವೆ ಒಂಟಿಯಾಗಿ, ನೀರಂಚಿನ ಹಸಿರು ಕೀಳುತ್ತಿತ್ತು. ರೆಕ್ಕೆ ಬಿಚ್ಚಿದಾಗ ಗೊತ್ತಾಯಿತು. ಎಡರೆಕ್ಕೆಯ ತುದಿಯ ಮೂರು ಗರಿ ಮುರಿದು, ಹಳೇ ಕಸಬರಿಗೆ ಕಡ್ಡಿಯ ಹಾಗೆ ಜೋತಾಡುತ್ತಿದ್ದವು. ರೆಕ್ಕೆ ಮಾತ್ರ ಸರಿಯಾಗಿಯೇ ಮಡಚಿಕೊಳ್ಳುತ್ತಿತ್ತು. ಮೂಳೆ ಮುರಿದಿಲ್ಲ, ಗರಿ ಮಾತ್ರ ಹೋಗಿದೆ ಅಂತ ಬರೆದುಕೊಂಡೆ. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್ 'ಅಪರೂಪ' ಎಂದು ಗುರುತು ತೋರಿಸಿ ವಿವರ ಕೇಳಿತು. ಅರ್ಧ ಪುಟ ಬರೆದೆ. ಅಷ್ಟು ಬೇಕಿರಲಿಲ್ಲ ಬಿಡಿ.

ಏಪ್ರಿಲ್ 27, ಹಾವೇರಿ ಕಡೆ. ಚಾತಕ! ಮುಂಗಾರಿಗೆ ಇನ್ನೂ ತಿಂಗಳಿಗಿಂತ ಜಾಸ್ತಿ ಇದೆ, ಆಗಲೇ ಆಫ್ರಿಕಾದಿಂದ ಬಂದೇಬಿಟ್ಟಿತು ಅಂತ ದೊಡ್ಡ ಅಕ್ಷರದಲ್ಲಿ ಬರೆದೆ. ಎರಡು ದಿನ ಬಿಟ್ಟು ಅದಕ್ಕೆ ಗೀಟು ಹಾಕಬೇಕಾಯಿತು. ಚಾತಕಗಳಲ್ಲಿ ಎರಡು ಬಳಗ ಇವೆ. ಒಂದು ಮಳೆಯ ಜೊತೆ ಆಫ್ರಿಕಾದಿಂದ ಬರುವುದು. ಇನ್ನೊಂದು ದಕ್ಷಿಣ ಭಾರತ, ಶ್ರೀಲಂಕಾದಲ್ಲೇ ವರ್ಷವಿಡೀ ಇರುವುದು, ಗಾತ್ರದಲ್ಲಿ ಸ್ವಲ್ಪ ಚಿಕ್ಕದು. ಜಾಲಿಗಿಡದ ತುದಿಯಲ್ಲಿ ಒಂಟಿಯಾಗಿ ಕೂತ ಹಕ್ಕಿಯ ಅಳತೆ ನೋಡಿ ಇದು ಇಂಥದ್ದೇ ಅನ್ನುವ ಧೈರ್ಯ ನನಗಿಲ್ಲ. ಆ ಗಿಡದ ಬುಡದಲ್ಲೇ ಹರಟೆಮಲ್ಲಗಳ ಗುಂಪು ಗದ್ದಲ ಎಬ್ಬಿಸಿತ್ತು. ಚಾತಕ ಅವುಗಳ ಗೂಡಲ್ಲೇ ಮೊಟ್ಟೆ ಇಡುತ್ತದೆ, ಮೊಟ್ಟೆಯ ನೀಲಿ ಬಣ್ಣವೂ ಹೊಂದುತ್ತದೆ. ಊರಿನದೇ ಹಕ್ಕಿ ಆಗಿದ್ದರೂ ಆಶ್ಚರ್ಯ ಇಲ್ಲ, ಅಲ್ವಾ?

ಮೇ 4. ಈ ವರ್ಷದ ಅತಿ ಹತ್ತಿರದ ನೋಟ. ಬೆಳಿಗ್ಗೆ ಆರೂವರೆಗೆ ಪಕ್ಕದ ಮನೆಯ ಹುಡುಗ ಓಡಿಬಂದ. "ಸರ್, ಬಣ್ಣದ ಕೋಳಿಮರಿ ಬಿದ್ದೈತ್ರಿ!" ಹೋಗಿ ನೋಡಿದರೆ ಗಾಜಿನ ಕಿಟಕಿಯ ಕೆಳಗೆ ನವರಂಗ, ಕಣ್ಣು ಅರ್ಧ ಮುಚ್ಚಿ ಕೂತಿದೆ. ಚಳಿಗಾಲ ದಕ್ಷಿಣದಲ್ಲಿ ಕಳೆದು, ಮಳೆಗಾಲದ ಗೂಡಿಗೆ ಮಧ್ಯ ಭಾರತ, ಹಿಮಾಲಯದ ತಪ್ಪಲಿನ ಕಡೆ ಹೋಗುವ ಹಕ್ಕಿ. ರಾತ್ರಿ ಹಾರುತ್ತದೆ, ಸುಸ್ತಾಗಿ ಊರೊಳಗೆ ಇಳಿದರೆ ಹೀಗೆ ಗಾಜಿಗೆ ಬಡಿದುಕೊಳ್ಳುತ್ತದೆ. ಚಪ್ಪಲಿ ಡಬ್ಬಿಗೆ ನಾಲ್ಕು ತೂತು ಮಾಡಿ, ಬಟ್ಟೆ ಹಾಸಿ, ಕತ್ತಲಲ್ಲಿಟ್ಟೆವು. ನೀರು ಕುಡಿಸೋಣ ಅಂತ ಹುಡುಗನ ಹಟ. ಬೇಡ, ಬಾಯಿಗೆ ನೀರು ಸುರಿದರೆ ಉಸಿರಿನ ದಾರಿಗೆ ಹೋಗುತ್ತದೆ ಅಂದೆ.

ಡಬ್ಬಿಗೆ ಹಾಕುವಾಗ ಬಾಲದ ಬುಡ ನೋಡಿದೆ. ಪುಸ್ತಕದಲ್ಲಿ ಕೆಂಪು ಅಂತ ಇರುತ್ತದೆ. ಕೈಯಲ್ಲಿ ಹಿಡಿದಾಗ ಅದು ಹೊಸ ಕುಂಕುಮದ ಬಣ್ಣ. ಬೆನ್ನು ಹಸಿರು, ರೆಕ್ಕೆಯ ಮೇಲೆ ಒಂದು ತುಂಡು ತಿಳಿನೀಲಿ. ಬಾಲ ಇದೆಯೋ ಇಲ್ಲವೋ ಅನ್ನುವಷ್ಟು ಮೋಟು. ಒಂಬತ್ತಕ್ಕೆ ಡಬ್ಬಿಯೊಳಗೆ ಪರಪರ ಸದ್ದು. ಹಿತ್ತಲಿನ ಬೇವಿನ ಕೆಳಗೆ ಮುಚ್ಚಳ ತೆಗೆದೆವು. ಹೊರಗೆ ಕುಪ್ಪಳಿಸಿ, ಒಂದು ನಿಮಿಷ ಕೂತು, ಒಣ ಎಲೆ ಮಗುಚಿ ಹುಳ ಹುಡುಕತೊಡಗಿತು. ಸಂಜೆ ಮಬ್ಬಾಗುವಾಗ ಎರಡು ಸಲ ಸಿಳ್ಳೆ ಹಾಕಿತು. ಮರುದಿನ ಇರಲಿಲ್ಲ. ಕಿಟಕಿಗೆ ಈಗ ಹೊರಗಡೆಯಿಂದ ಹಳೇ ಸೊಳ್ಳೆಪರದೆ ಕಟ್ಟಿದ್ದೇವೆ.

ಮೇ 11, ಏಳು ಗುಲಾಬಿ ಕಬ್ಬಕ್ಕಿ, ಬಳ್ಳಾರಿ ರಸ್ತೆಯ ಆಲದ ಮರ. ಏಪ್ರಿಲ್‌ನಲ್ಲೇ ಹೋಗಬೇಕಿದ್ದವು. ಮಧ್ಯ ಏಷ್ಯಾದಲ್ಲಿ ಮಿಡತೆ ಎದ್ದಾಗ ಗಡಿಬಿಡಿಯಲ್ಲಿ ಮರಿ ಮಾಡಿ, ಜುಲೈ-ಆಗಸ್ಟ್‌ಗೆ ನಮ್ಮ ಕಡೆ ವಾಪಸ್ ಬರಲು ಶುರು ಮಾಡುವ ಹಕ್ಕಿ. ಇವು ಹೋಗಿ ಬರುವುದು ಯಾವಾಗ? ಹಣ್ಣಿನ ಆಸೆಗೆ ತಡವಾಯಿತೇನೋ.

ಮೇ 17-18, ಅಘನಾಶಿನಿ ಅಳಿವೆ. ಇಳಿತದ ಹೊತ್ತು, ಹೆಂಗಸರು ಕೆಸರಲ್ಲಿ ಬಗ್ಗಿ ಬಳಚು (ಚಿಪ್ಪುಮೀನು) ಆರಿಸುತ್ತಿದ್ದರು. ಆಚೆ ಇಪ್ಪತ್ತಕ್ಕೂ ಹೆಚ್ಚು ಸ್ಯಾಂಡ್ ಪ್ಲೋವರ್, ನಾಲ್ಕು ಕರ್ಲ್ಯೂ. ಮೊದಲ ವರ್ಷ ಆಗಿದ್ದರೆ ಇಪ್ಪತ್ತೂ ಅಪರೂಪ ಅಂತ ಕುಣಿಯುತ್ತಿದ್ದೆ. ಇಂಥ ದಡದ ಹಕ್ಕಿಗಳಲ್ಲಿ ಹೋದ ವರ್ಷ ಹುಟ್ಟಿದ ಮರಿಗಳು ಮೊದಲ ಬೇಸಿಗೆಯಲ್ಲಿ ಉತ್ತರಕ್ಕೆ ಹೋಗದೆ ಇಲ್ಲೇ ಉಳಿಯುವುದು ಮಾಮೂಲು. ಇನ್ನೂ ಮರಿ ಮಾಡುವ ವಯಸ್ಸಲ್ಲ, ಅಷ್ಟು ದೂರ ಸುಮ್ನೆ ಯಾಕೆ ಹಾರಬೇಕು? ಎದೆ ನೋಡಿದರೆ ಗೊತ್ತಾಗುತ್ತದೆ. ಬೂದು-ಬಿಳಿ ಎದೆಯವು ಹೆಚ್ಚುಕಮ್ಮಿ ಆ ಪಡ್ಡೆಗಳೇ. ಪಟ್ಟಿಗೆ ಸೇರಿದ್ದು ಎರಡು ಮಾತ್ರ. ಎದೆಗೆ ಪೂರ್ತಿ ಇಟ್ಟಿಗೆ ಕೆಂಪು ಬಂದಿತ್ತು. ಹೊರಡಲು ಸಿದ್ಧವಾಗಿಯೂ ಹೊರಟಿರಲಿಲ್ಲ.

ಮುಂಗಾರಿನ ಗಾಳಿಗೆ ದಡಕ್ಕೆ ಬೀಳುವ ಕಡಲ ಹಕ್ಕಿಗಳನ್ನು ನೋಡುವ ಆಸೆ ಈ ಸಲವೂ ಈಡೇರಲಿಲ್ಲ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಲಾಕ್‌ಡೌನ್, ಮನೆಯಲ್ಲಿ ಕೂತು ಹೊಟ್ಟೆ ಉರಿಸಿಕೊಂಡಿದ್ದೆ.

ಮೇ 25, ವಿಜಯನಗರ ಜಿಲ್ಲೆ. ಪಟ್ಟಿಗೆ ಸೇರದ ದಿನ, ಆದರೂ ಬರೆಯುತ್ತೇನೆ. ಕುರಿ ಕಾಯುವ ಅಜ್ಜ ಒಬ್ಬರು "ಏನ್ ಹುಡುಕಾಕತ್ತೀರಿ?" ಅಂದರು. ಹಕ್ಕಿ ಅಂದೆ. "ಹಂಗಾದ್ರ ಆ ಗುಂಡಿ ಹತ್ರ ಸುಮ್ನ ಕುಂದರ್ರಿ, ಒಂಬತ್ತಕ್ಕ ನೀರಿಗೆ ಬರ್ತಾವು." ಕೂತೆ. ಒಂಬತ್ತು ಹತ್ತಕ್ಕೆ ಸ್ಯಾಂಡ್‌ಗ್ರೌಸ್ ಬಂದವು, ಹನ್ನೊಂದು. ಒಂದು ಗಂಡು ಮಾತ್ರ ಕುಡಿದು ಹಾರಲಿಲ್ಲ. ನೀರಿಗೆ ಇಳಿದು, ಹೊಟ್ಟೆ ಅದ್ದಿ, ಬಾಲ ಎತ್ತಿ, ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗುತ್ತಿತ್ತು. ಹೊಟ್ಟೆಯ ಗರಿ ಸ್ಪಂಜಿನಂತೆ ನೀರು ಹೀರಿಕೊಳ್ಳುತ್ತದೆ. ಅದನ್ನು ಮರಿಗಳಿಗೆ ಒಯ್ದರೆ ಅವು ಗರಿಯನ್ನೇ ಚೀಪಿ ಕುಡಿಯುತ್ತವೆ. ಓದಿದ್ದೆ, ನೋಡಿರಲಿಲ್ಲ. ಅಜ್ಜನಿಗೆ ಅದೇನು ದೊಡ್ಡ ವಿಷಯ ಅನ್ನಿಸಲಿಲ್ಲ, ದಿನಾ ನೋಡುವುದೇ.

ಸಿರುಗುಪ್ಪದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೋಡಿದಿರಾ ಅಂತ ಕೇಳುವವರಿಗೆ: ಹೋಗಿಲ್ಲ. ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯಷ್ಟೂ ಉಳಿದಿವೆಯೋ ಇಲ್ಲವೋ ಅನ್ನುವ ಹಕ್ಕಿಯನ್ನು ನನ್ನ ಪಟ್ಟಿಗಾಗಿ ಅಟ್ಟಿಸಿಕೊಂಡು ಹೋಗುವುದು ಸರಿಯಲ್ಲ.

ಜೂನ್ 8, ಮತ್ತೆ ಹೆಬ್ಬಾತಿನ ಕೆರೆ. ಇದೆ. ಮಳೆ ಎರಡು ಸಲ ಬಂದು ಹೋಗಿದೆ, ನೀರು ಮಾತ್ರ ಏರಿಲ್ಲ.

ಜೂನ್ 29. ದಂಡೆಯ ಕೆಸರಲ್ಲಿ ಎರಡು ಉದ್ದ ಗರಿ ಸಿಕ್ಕವು. ಒಂದು ತುದಿವರೆಗೆ ಪೂರ್ತಿ ಇದೆ, ಇನ್ನೊಂದು ನಡುವಿಗೇ ಮುರಿದದ್ದು, ಅದೇ ಕಸಬರಿಗೆ ಕಡ್ಡಿ. ಹೆಬ್ಬಾತುಗಳು ಬೇಸಿಗೆಯಲ್ಲಿ ಹಾರುವ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿ ಹೊಸದು ಬೆಳೆಸುತ್ತವೆ. ಆಗ ಸುಮಾರು ಒಂದು ತಿಂಗಳು ಹಾರಲು ಆಗುವುದೇ ಇಲ್ಲ. ಹಕ್ಕಿ ಕೆರೆಯ ನಟ್ಟನಡುವೆ ಇತ್ತು, ಮೊಳಕಾಲುದ್ದ ನೀರಲ್ಲಿ. ದಂಡೆಯ ಮೇಲೆ ಮೂರು ನಾಯಿ ಮಲಗಿದ್ದವು. ಕೆರೆಯ ಹೆಸರು ಬರೆಯದಿರುವುದು ಇದಕ್ಕೇ: ನೋಡಲು ಜನ ಮುತ್ತಿದರೆ ಹಾರಲಾಗದ ಹಕ್ಕಿ ಎಲ್ಲಿಗೆ ಹೋಗಬೇಕು?

ನಾಯಿಗಳನ್ನು ಅಟ್ಟಿ ಬಂದೆ. ಮುಂದಿನ ಭಾನುವಾರ ಮತ್ತೆ ಹೋಗಬೇಕು.