ಲಾರಿ ಪಟ್ಟಿಯ ಚಾಕು: ಮೂರನೇ ಅಲಗು, ಹನ್ನೊಂದನೇ ವಾರ

ಮುರಿದ ಲಾರಿ ಪಟ್ಟಿಯಿಂದ ಅಡುಗೆಮನೆ ಚಾಕು ಮಾಡೋಕೆ ಹೊರಟು ಇದು ಹನ್ನೊಂದನೇ ವಾರ, ಮೂರನೇ ಅಲಗು ಕೊನೆಗೂ ನೆಟ್ಟಗೆ ಬಂತು. ಮೊದಲನೆಯದು, ಗಟ್ಟಿಯಾಗಲಿ ಅಂತ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ ಕೂಡಲೇ ಟಿಣ್ ಅಂತ ಸೀಳಿತ್ತು. ಎರಡನೆಯದು ಎಣ್ಣೆಯಿಂದ ಹೊರಗೆ ಬರುವಾಗ ಬಾಳೆಕಾಯಿ ಹಾಗೆ ಬಾಗಿತ್ತು. ಎರಡನ್ನೂ ಷೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದೇನೆ. ಅಮ್ಮ ನೋಡಿದಾಗಲೆಲ್ಲ "ಮುರಿದಿದ್ದು ಮನ್ಯಾಗ ಇಟ್ಕಬಾರ್ದಪ್ಪ" ಅಂತಾಳೆ.

ಹೊಸದಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ಬಳ್ಳಾರಿ ಅಂದ್ರೆ ಅದಿರು ಲಾರಿಗಳ ಊರು. ಲಾರಿಯ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಮುರಿಯೋದು ಇಲ್ಲಿ ದಿನಾ ಇದ್ದದ್ದೇ. ತುಂಡು ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತದೆ. ಅದರಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟಿರುತ್ತದೆ, ಅಡುಗೆಮನೆ ಚಾಕುವಿಗೆ ಅಷ್ಟು ಸಾಕು. ತೊಂದರೆ ಏನಂದ್ರೆ, ವರ್ಷಗಟ್ಟಲೆ ಗುಂಡಿ ಹಾರಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಕೂತಿರಬಹುದು. ಮೊದಲ ಅಲಗು ಸೀಳಿದ್ದಕ್ಕೆ ಅದೂ ಕಾರಣ ಇರಬಹುದು, ಆದರೆ ನೀರಿಗೆ ಅದ್ದಿದ್ದು ನನ್ನದೇ ತಪ್ಪು. ಈ ಉಕ್ಕಿಗೆ ನೀರು ತೀರಾ ಜೋರು. ಎಣ್ಣೆಯೇ ಬೇಕು.

ಈ ಸಲ ಕುಲುಮೆ ತಾತನ ಮಾತು ಕೇಳಿದೆ. ನಾನು ಅಯಸ್ಕಾಂತ ಹಿಡಿದುಕೊಂಡು ಹೋಗಿದ್ದೆ. ಉಕ್ಕು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟಲ್ಲ, ಆಮೇಲೆ ಇನ್ನೂ ಒಂದಿಷ್ಟು ಕಾಯಿಸಿ ಎಣ್ಣೆಗೆ ಇಳಿಸಬೇಕು. ತಾತ ಅದನ್ನು ನೋಡಿ ನಕ್ಕ. "ಬಿಸಿಲಾಗ ಬಣ್ಣ ಕಾಣಂಗಿಲ್ಲ, ಸಂಜಿಮುಂದ ಬಾ" ಅಂದ. ಹೋದೆ. ತಿದಿ ಒತ್ತಿದ ಹಾಗೆಲ್ಲ ಅಲಗಿನ ಮೇಲೆ ಕಪ್ಪು ನೆರಳೊಂದು ಹರಿದಾಡುತ್ತಿತ್ತು. ಆ ನೆರಳು ಪೂರ್ತಿ ಹೋಗಿ, ಹಿಡಿಯಿಂದ ಮೊನೆವರೆಗೂ ಒಂದೇ ಬಣ್ಣ ಬಂದಾಗ "ಹೂಂ" ಅಂದ. ಅಯಸ್ಕಾಂತ ತಗುಲಿಸಿ ನೋಡಿದೆ, ಅಂಟಲಿಲ್ಲ. ಬೆಚ್ಚಗೆ ಮಾಡಿಟ್ಟಿದ್ದ ಶೇಂಗಾ ಎಣ್ಣೆಗೆ ನೆಟ್ಟಗೆ ಇಳಿಸಿದೆ, ಅತ್ತಿತ್ತ ಅಲ್ಲಾಡಿಸದೆ. ಎರಡನೆಯದು ಬಾಗಿದ್ದು ಅಲ್ಲಾಡಿಸಿದ್ದಕ್ಕೇ ಅಂತೆ. ಷೆಡ್ಡು ತುಂಬಾ ಮಿರ್ಚಿ ಅಂಗಡಿ ವಾಸನೆ.

ಆಗ ಉಕ್ಕು ಗಾಜಿನ ಹಾಗೆ ಇರುತ್ತದೆ, ಕೆಳಗೆ ಬಿದ್ದರೂ ಮುರಿಯಬಹುದು. ಮನೆಗೆ ತಂದು ಓವನ್‌ನಲ್ಲಿ 200 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ ಇಟ್ಟೆ. ತೆಗೆದಾಗ ಅಲಗು ಒಣಗಿದ ಜೋಳದ ಕಣಿಕೆ ಬಣ್ಣಕ್ಕೆ ತಿರುಗಿತ್ತು. ಅದೇ ಬೇಕಾಗಿದ್ದ ಹದ. ಓವನ್ ಹೆಂಡತಿಯದು, ಆ ಕಥೆ ಇಲ್ಲಿ ಬೇಡ.

ಭಾನುವಾರ ಕೌಲ್ ಬಜಾರಿನ ಚಹಾ ಅಂಗಡಿಯಲ್ಲಿ ಚಾಕು ಹುಚ್ಚಿನ ನಮ್ಮ ನಾಲ್ವರ ಸಭೆ. ಬ್ಯಾಂಕಿನ ಗೆಳೆಯ ಹೊಸ ಮಡಚು ಚಾಕು, ಒಪಿನೆಲ್ ನಂಬರ್ 8 ತಂದಿದ್ದ. ಫ್ರಾನ್ಸಿನದು, 1890ರಿಂದ ಮಾಡುತ್ತಿದ್ದಾರೆ, ಅಲಗು ಎಂಟೂವರೆ ಸೆಂಟಿಮೀಟರ್. ಅವನ ಹತ್ತಿರ ಹೀಗೆ ಹದಿನಾಲ್ಕು ಇವೆ, ಒಂದರಲ್ಲೂ ಈರುಳ್ಳಿ ಹೆಚ್ಚಿಲ್ಲ. ನನಗಿದು ಅರ್ಥ ಆಗಲ್ಲ. ಮೇಷ್ಟ್ರು ಒಂದು ಸ್ವಿಸ್ ಚಾಕು ಕಳೆದುಕೊಂಡವರು. ವಿಮಾನಕ್ಕೆ ಹೋಗುವಾಗ ಕೈಚೀಲದಲ್ಲೇ ಬಿಟ್ಟಿದ್ದರಂತೆ, ತಪಾಸಣೆಯಲ್ಲಿ ತೆಗೆದಿಟ್ಟುಕೊಂಡರು. "ಒಳಗೆ ಹಾಕೋ ಲಗೇಜಿನ್ಯಾಗ ಇಟ್ಟಿದ್ರ ಬರ್ತಿತ್ತು, ನಂದೇ ತಪ್ಪು" ಅಂತ ಈಗಲೂ ಹೇಳುತ್ತಾರೆ.

ಚಾಕು ಜೇಬಲ್ಲಿಟ್ಟು ತಿರುಗಬಹುದಾ ಅನ್ನೋ ಮಾತು ಬಂತು, ಯಾವಾಗಲೂ ಬರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಲೆಕ್ಕಕ್ಕೆ ಬರುತ್ತದೆ. ಮನೆ, ಹೊಲ, ಕಾರ್ಖಾನೆ ಕೆಲಸಕ್ಕೆ ಅಂತಲೇ ಮಾಡಿದ್ದಕ್ಕೆ ವಿನಾಯಿತಿ. ಕುಡುಗೋಲು ಹಿಡಿದು ಹೊಲಕ್ಕೆ ಹೊರಟವನನ್ನು ಯಾರೂ ಕೇಳಲ್ಲ. ಅದೇ ಕುಡುಗೋಲು ರಾತ್ರಿ ಹನ್ನೊಂದಕ್ಕೆ ಸರ್ಕಲ್ಲಿನಲ್ಲಿ ಬೈಕಿನ ಹಿಂದೆ ಕಂಡರೆ ಕೇಳದೆ ಬಿಡ್ತಾರಾ? ಚುನಾವಣೆ, ಗಲಾಟೆ ಅಂತ ನಿಷೇಧಾಜ್ಞೆ ಇದ್ದಾಗ ಸಣ್ಣದನ್ನೂ ಮನೆಯಲ್ಲೇ ಬಿಡೋದು ಒಳ್ಳೇದು. ನಾನಂತೂ ಷೆಡ್ಡಿನಿಂದ ಮನೆಗೆ ತರುವಾಗಲೂ ಬಟ್ಟೆ ಸುತ್ತಿ ಡಬ್ಬಿಯಲ್ಲಿ ಹಾಕುತ್ತೇನೆ.

ಮಾರಾಟದ ಮಾತಿಗೆ ಜಗಳವೇ ಆಯ್ತು. ಬ್ಯಾಂಕಿನವನು ಅಲ್ಲೇ ಲೆಕ್ಕ ಹಾಕಿದ. ಸಾಮಾನಿಗೆ 640 ರೂಪಾಯಿ, ಕೂತು ಮಾಡಿದ್ದು 19 ಗಂಟೆ. 1,500ಕ್ಕೆ ಕೊಡು ಅಂದ. ಗಂಟೆಗೆ ಐವತ್ತೂ ಬೀಳಲ್ಲ, ಅದೂ ಅವನ ಹದಿನೈದನೆಯದಾಗಿ ಪೆಟ್ಟಿಗೆ ಸೇರೋಕೆ. ಒಲ್ಲೆ ಅಂದೆ. ಹೋದ ವಾರ ಒಬ್ಬ ಹುಡುಗ ಫೋನ್ ಮಾಡಿ ಅಡಿ ಉದ್ದದ್ದು ಬೇಕು, ರೀಲ್ಸ್ ಮಾಡಬೇಕು ಅಂದಿದ್ದ. ಅವನಿಗೆ ಒಲ್ಲೆ ಅನ್ನೋಕೆ ಒಂದು ಕ್ಷಣವೂ ಬೇಕಾಗಲಿಲ್ಲ.

ಹಿಡಿಗೆ ಕರಿಜಾಲಿ. ಮುರಿದ ಚಕ್ಕಡಿಯ ತುಂಡು, ಅರ ಹಾಕಿದರೆ ಅರವೇ ಸವೆಯುತ್ತದೆ. ಎರಡು ಹಿತ್ತಾಳೆ ಕಡ್ಡಿ, ಅರಾಲ್ಡೈಟ್, ಮೇಲೆ ಅಗಸೆ ಎಣ್ಣೆ. ಸಾಣೆ ಹಿಡಿದದ್ದು ಒಂದೊಂದು ಮಗ್ಗುಲಿಗೆ ಸುಮಾರು 20 ಡಿಗ್ರಿಯಲ್ಲಿ, ಸಾವಿರ ಗ್ರಿಟ್ಟಿನ ನುಣುಪು ಕಲ್ಲಿನವರೆಗೆ. ಕೊನೆಯ ಉಜ್ಜಾಟಕ್ಕೆ ಎಲ್ಲರೂ ಚರ್ಮ ಅಂತಾರೆ. ನಮ್ಮ ಗುಂಪಿನ ನಾಲ್ಕನೆಯವನು ಜೀನ್ಸ್ ಹೊಲಿಸುವವನು, ಹಲಗೆಗೆ ಜೀನ್ಸ್ ತುಂಡು ಅಂಟಿಸಿ ಪಾಲಿಶ್ ಸವರಿ ಕೊಟ್ಟ. ಚರ್ಮಕ್ಕಿಂತ ಏನೂ ಕಮ್ಮಿ ಇಲ್ಲ.

ಮೇಷ್ಟ್ರು ಅಲಗಿನ ಮೇಲೆ ಹೆಬ್ಬೆರಳು ಅಡ್ಡಡ್ಡ ಸವರಿ, ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದ ಮಾತು ತೆಗೆದರು. ಮೂರು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಡೋಲರೈಟ್ ಅನ್ನೋ ಕರಿಗಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳು ಈಗಲೂ ಇವೆ. ನಾನೂ ಒಮ್ಮೆ ಆ ತೋಡಿನಲ್ಲಿ ಕೈ ಇಟ್ಟಿದ್ದೇನೆ, ನುಣ್ಣಗೆ ಬಟ್ಟಲಿನ ಹಾಗಿದೆ.

ಚಾಕು ಯಾರಿಗೂ ಮಾರಲಿಲ್ಲ. ನಮ್ಮ ಬೀದಿಯ ಮಿರ್ಚಿ ಅಂಗಡಿ ಅಕ್ಕನಿಗೆ ವಾರದ ಮಟ್ಟಿಗೆ ಕೊಟ್ಟೆ. ಕೈಗೆ ಕೊಟ್ಟರೆ ಜಗಳ ಬರುತ್ತೆ ಅಂತ ಕಟ್ಟೆ ಮೇಲೆ ಇಡು ಅಂದಳು. ದಿನಾ ಬುಟ್ಟಿಗಟ್ಟಲೆ ಮೆಣಸಿನಕಾಯಿ ಸೀಳುವವಳು, ಅವಳಿಗಿಂತ ಪರೀಕ್ಷಕರು ಯಾರು ಸಿಗ್ತಾರೆ? ನಿನ್ನೆ ವಾಪಸ್ ತರೋಕೆ ಹೋದೆ.

"ಬಾಯಿ ಚಲೋ ಐತಿ ತಮ್ಮಾ. ಹಿಡಿ ದಪ್ಪಾತು. ನೂರು ಕಾಯಿ ಆದ ಮ್ಯಾಲ ಬೊಟ್ಟು ನೋಯ್ತಾವ."

ಹಿಡಿದು ನೋಡಿದೆ. ನನ್ನ ಕೈ ಅಳತೆಗೆ ಮಾಡಿದ್ದೆ, ಅವಳ ಬೆರಳು ಪೂರ್ತಿ ಸುತ್ತಿ ಬರುತ್ತಿರಲಿಲ್ಲ. ಎರಡೂ ಮಗ್ಗುಲಿಗೆ ಎರಡೆರಡು ಮಿಲಿಮೀಟರ್ ಇಳಿಸಬೇಕು. ಕರಿಜಾಲಿ ಅಲ್ವಾ, ಒಂದು ಸಂಜೆಗೆ ಮುಗಿಯಲ್ಲ. ಖಂಡೇನವಮಿ ಪೂಜೆಗೆ ಅವಳ ಅಂಗಡಿಯಲ್ಲೇ ಇರಬೇಕು ಅಂತ ಗಡುವು ಕೊಟ್ಟಿದ್ದಾಳೆ. ದುಡ್ಡೆಷ್ಟು ಅಂತ ಇನ್ನೂ ಇಬ್ಬರೂ ಬಾಯಿ ಬಿಟ್ಟಿಲ್ಲ.