ನಾಲ್ಕು ಬೊಗಸೆ ಅಕ್ಕಿ, ಒಂದು ಸರ್ವನಾಮ

2025ರ ಮಾರ್ಚ್ 8, ಶನಿವಾರ ಬೆಳಿಗ್ಗೆ. ಹೊನ್ನಾವರದ ಕಡಲಂಚಿನ ಒಂದು ಶಾಲೆಯ ಏಳನೇ ತರಗತಿ, ಮೌಲ್ಯಶಿಕ್ಷಣಕ್ಕೆಂದು ಸಿಕ್ಕ ಎರಡು ಅವಧಿ. ಪ್ರಾರ್ಥನೆಗೂ ದಾನಕ್ಕೂ ಇರುವ ನಂಟು ಅಂದಿನ ಪಾಠ. ಆ ವಾರವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಮಾರ್ಚ್ ಮೊದಲ ವಾರದಲ್ಲೇ ರಮಜಾನ್ ಉಪವಾಸ ಶುರುವಾಗಿತ್ತು, 5ನೇ ತಾರೀಕು ವಿಭೂತಿ ಬುಧವಾರ ಮುಗಿದು ಈಸ್ಟರಿಗೆ ಮುಂಚಿನ ಕ್ರೈಸ್ತರ ತಪಸ್ಸುಕಾಲವೂ ಆರಂಭವಾಗಿತ್ತು. ರೋಜಾ ಹಿಡಿದ ಮಕ್ಕಳೂ, ನಿನ್ನೆ ಶುಕ್ರವಾರ ಮನೆಯಲ್ಲಿ ಮೀನು ಮಾಂಸ ಬಿಟ್ಟ ಮಕ್ಕಳೂ ಒಂದೇ ಬೆಂಚಿನಲ್ಲಿದ್ದರು. ಇಂಥ ದಿನ ಉತ್ತರ ಹೇಳಿದವರಿಗೆ ಪೆಪ್ಪರ್‌ಮಿಂಟ್ ಹಂಚಬಾರದು. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಪಾಠ ಕೆಡುವುದು ಇಂಥಲ್ಲೇ.

ಮಕ್ಕಳಿಗೆ ತುಂಡು ತುಂಡು ಗೊತ್ತಿರುತ್ತದೆ. ಮಸೀದಿಯಲ್ಲಿ ನಮಾಜು, ಇಗರ್ಜಿಯಲ್ಲಿ ರೊಟ್ಟಿ ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆ, ಬಾಗಿಲಲ್ಲಿ ಡಬ್ಬಿ, ಹಬ್ಬಕ್ಕೆ ದಾನ. ಒಂದಕ್ಕೊಂದು ಏನು ಸಂಬಂಧ ಎಂದು ಕೇಳಿದರೆ, "ದೇವರಿಗೆ ಖುಷಿಯಾಗ್ತದೆ" ಎನ್ನುತ್ತವೆ. ಅಲ್ಲಿಂದ ಮುಂದೆ ಕರೆದೊಯ್ಯಲು ವ್ಯಾಕರಣ ಸಾಕು.

ಹಲಗೆಯ ಮೇಲೆ ಎರಡು ಸಾಲು ಬರೆದೆವು. ಕುರಾನಿನ ಮೊದಲ ಅಧ್ಯಾಯ ಫಾತಿಹಾದಿಂದ: "ನಾವು ನಿನ್ನನ್ನೇ ಆರಾಧಿಸುತ್ತೇವೆ, ನಿನ್ನಲ್ಲೇ ನೆರವು ಬೇಡುತ್ತೇವೆ." ಯೇಸು ಕಲಿಸಿದ ಪ್ರಾರ್ಥನೆಯಿಂದ: "ನಮ್ಮ ಅನುದಿನದ ಆಹಾರವನ್ನು ನಮಗೆ ಇಂದು ಕೊಡು." ಅರಬ್ಬಿ ಅಕ್ಷರ ಬರೆಯದೆ ಕನ್ನಡದ ಅರ್ಥವನ್ನಷ್ಟೇ ಬರೆಯಬೇಕು. ಬರೆದ ಕುರಾನ್ ವಾಕ್ಯವನ್ನು ಆಮೇಲೆ ಡಸ್ಟರಿನಿಂದ ಒರೆಸಿದರೆ ಕೆಲವು ಮಕ್ಕಳ ಮನಸ್ಸು ಮುದುಡುತ್ತದೆ. ಸರ್ವನಾಮಕ್ಕೆ ಗೆರೆ ಎಳೆಯಿರಿ ಎಂದಾಗ ಎರಡೂ ಕಡೆ ಸಿಕ್ಕಿದ್ದು ಉತ್ತಮ ಪುರುಷ ಬಹುವಚನ. ನಾವು, ನಮ್ಮ, ನಮಗೆ. ಕೋಣೆಯಲ್ಲಿ ಒಬ್ಬಳೇ ಕೂತು ಪ್ರಾರ್ಥಿಸುವ ಅಜ್ಜಿಯೂ "ನಮಗೆ" ಎಂದೇ ಬೇಡುತ್ತಾಳೆ. ದಿನದ ಐದು ಹೊತ್ತಿನ ಕಡ್ಡಾಯ ನಮಾಜಿನಲ್ಲಿ 2, 4, 4, 3, 4 ಎಂದು ಒಟ್ಟು 17 ರಕಾತು, ಅಂದರೆ ನಿಂತು, ಬಾಗಿ, ನೆಲಕ್ಕೆ ಹಣೆಯಿಡುವ 17 ಸುತ್ತು. ಪ್ರತಿ ರಕಾತಿನಲ್ಲೂ ಫಾತಿಹಾ ಇದೆ, ಪ್ರತಿ ಫಾತಿಹಾದಲ್ಲೂ ಆ "ನಾವು" ಇದೆ. ಈ "ನಾವು" ಒಳಗೆ ಯಾರು ಯಾರಿದ್ದಾರೆ? ಇದೊಂದು ಪ್ರಶ್ನೆಯ ಮೇಲೆ ಉಳಿದ ಪಾಠವೆಲ್ಲ ನಿಲ್ಲುತ್ತದೆ.

ನಮಾಜು ಮುಗಿಯುವಾಗ ಬಲಕ್ಕೆ, ಎಡಕ್ಕೆ ಮುಖ ತಿರುಗಿಸಿ ಸಲಾಂ ಹೇಳುತ್ತಾರೆ. ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮೊದಲು ಅಕ್ಕಪಕ್ಕದವರಿಗೆ ಶಾಂತಿ ಕೋರುತ್ತಾರೆ. ಇದನ್ನು ಮಾತಿನಲ್ಲಿ ಹೇಳಿದರೆ ಸಾಕು. ನಮಾಜನ್ನಾಗಲಿ, ರೊಟ್ಟಿ ದ್ರಾಕ್ಷಾರಸದ ಅರ್ಪಣೆಯನ್ನಾಗಲಿ ತರಗತಿಯಲ್ಲಿ ಅಭಿನಯಿಸಬಾರದು. ಅದು ಆರಾಧನೆ, ನಾಟಕವಲ್ಲ.

ಕೈಗೆ ಕೆಲಸ ಬೇಕಲ್ಲ, ಅದಕ್ಕೆ ಅಕ್ಕಿ ಇಟ್ಟೆವು. ಬಿಸಿಯೂಟದ ಕೋಣೆಯಿಂದ ಒಂದು ಬುಟ್ಟಿ ಅಕ್ಕಿ, ಒಂದು ತಕ್ಕಡಿ. ಕೆಳಗೆ ಹಳೆ ಪೇಪರು ಹಾಸಬೇಕು, ಕೈ ತೊಳೆದವರಷ್ಟೇ ಮುಟ್ಟಬೇಕು. ಈದುಲ್ ಫಿತ್ರ್ ಹಬ್ಬಕ್ಕೆ ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲಿ ಬಡವರಿಗೆ ಕೊಡುವ ಫಿತ್ರಾ ಎಂಬ ದಾನದ ಅಳತೆ ಒಂದು 'ಸಾ'. ಅಂದರೆ ನಾಲ್ಕು ಬೊಗಸೆ. ಆ ಊರಿನವರು ದಿನಾ ಉಣ್ಣುವ ಧಾನ್ಯವನ್ನೇ ಕೊಡುವುದು ವಾಡಿಕೆ, ನಮ್ಮ ಕಡೆಗೆ ಅದು ಅಕ್ಕಿ. ಹುಡುಗಿಯೊಬ್ಬಳು ನಾಲ್ಕು ಬೊಗಸೆ ಎತ್ತಿ ಹಾಕಿದಳು. ತೂಗಿದರೆ ಎರಡು ಕಿಲೋ ಕೂಡ ಇಲ್ಲ. ಲೆಕ್ಕಕ್ಕೆ ಬೇಕಾದದ್ದು ಎರಡೂವರೆಯಿಂದ ಮೂರು ಕಿಲೋ. ತಪ್ಪಿದ್ದು ಎಲ್ಲಿ? ಅಳತೆ ದೊಡ್ಡವರ ಬೊಗಸೆಯದ್ದು, ಅದೂ ತುಂಬಿದ್ದು, ಬೆರಳ ಸಂದಿಯಲ್ಲಿ ಸೋರುವಂಥದ್ದಲ್ಲ. ಹಾಗಾಗಿಯೇ ಈಗ ತೂಕ ಹೇಳುತ್ತಾರೆ. ಹಂಚುವ ಅಕ್ಕಿ ಸಣ್ಣ ಕೈಯ ಅಳತೆಗೆ ಇಳಿಯದಿರಲಿ ಎಂಬ ಕಾಳಜಿ ಅದು.

ಫಿತ್ರಾ ಹಬ್ಬದ ನಮಾಜಿಗೆ ಮೊದಲೇ ತಲುಪಬೇಕು. ನಮಾಜು ಮುಗಿದ ಮೇಲೆ ಕೊಟ್ಟರೆ ಅದು ಸಾಮಾನ್ಯ ದಾನವಾಗುತ್ತದೆ, ಫಿತ್ರಾ ಆಗುವುದಿಲ್ಲ ಎಂಬ ಹದೀಸ್ (ಪ್ರವಾದಿಯ ನುಡಿ ನಡೆಯ ದಾಖಲೆ) ಇದೆ. ಬಲಿಪೂಜೆಯಲ್ಲೂ ಕಾಣಿಕೆಯ ತಟ್ಟೆ ಬರುವುದು ನಡುವೆಯೇ. ವಾಚನ, ಪ್ರಬೋಧನೆ, ವಿಶ್ವಾಸಿಗಳ ಪ್ರಾರ್ಥನೆ ಮುಗಿದು, ರೊಟ್ಟಿ ದ್ರಾಕ್ಷಾರಸವನ್ನು ಪೀಠಕ್ಕೆ ತರುವ ಹೊತ್ತಿಗೆ. ಕ್ರಿ.ಶ. 150ರ ಸುಮಾರಿಗೆ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಅಂದಿನ ಭಾನುವಾರದ ಆರಾಧನೆಯನ್ನು ವರ್ಣಿಸುತ್ತ, ಕೂಡಿದ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿದ್ದವರಿಗೆ, ಪರಊರಿನಿಂದ ಬಂದವರಿಗೆ ಹೋಗುತ್ತಿತ್ತು ಎಂದು ಬರೆದಿದ್ದಾನೆ. ಕುರಾನಿನ ಒಂಬತ್ತನೇ ಅಧ್ಯಾಯ ಜಕಾತಿಗೆ, ಅಂದರೆ ಉಳ್ಳವರು ಕೊಡಲೇಬೇಕಾದ ದಾನಕ್ಕೆ, ಎಂಟು ಬಗೆಯ ಹಕ್ಕುದಾರರನ್ನು ಹೇಳುತ್ತದೆ. ಅದರಲ್ಲಿ ಬಡವರು, ಸಾಲದಲ್ಲಿ ಮುಳುಗಿದವರು, ದಾಸ್ಯದಲ್ಲಿರುವವರು, ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕರು ಇದ್ದಾರೆ. ಎರಡು ಪಟ್ಟಿಯನ್ನೂ ಪಕ್ಕಪಕ್ಕ ಬರೆಸಿದಾಗ ಮಕ್ಕಳು ತಾವಾಗಿಯೇ ಗೆರೆ ಕೂಡಿಸಿದರು. "ನಾವು" ಒಳಗೆ ಜನ ತುಂಬತೊಡಗಿದ್ದು ಆಗ.

ತೊಡಕು ಎದ್ದಿದ್ದು ಲೆಕ್ಕದಲ್ಲಿ. ಜಕಾತು ನಲವತ್ತರಲ್ಲಿ ಒಂದು, ಅಂದರೆ ನೂರಕ್ಕೆ ಎರಡೂವರೆ. ಕ್ರೈಸ್ತರು ಕೊಡುವ ದಶಮಾಂಶ ಕಾಣಿಕೆ ಹತ್ತರಲ್ಲಿ ಒಂದು. ತಕ್ಷಣ ಹಿಂದಿನ ಬೆಂಚಿನಿಂದ ಬಂತು: "ಹಾಗಾದ್ರೆ ಅವ್ರೇ ಜಾಸ್ತಿ ಕೊಡ್ತಾರೆ!" ಈ ಹೋಲಿಕೆಯನ್ನು ಅಲ್ಲೇ ಬಿಡಿಸದೆ ಮುಂದೆ ಹೋಗಲೇಬಾರದು. ಹುಣಸೆಬೀಜ ತೆಗೆದೆವು. ದಶಮಾಂಶ ದುಡಿಮೆಯ ಮೇಲೆ ಲೆಕ್ಕ ಹಾಕುವಂಥದ್ದು; ಹಲವು ಪ್ರೊಟೆಸ್ಟಂಟ್ ಸಭೆಗಳು ಅದನ್ನು ಕಲಿಸುತ್ತವೆ, ಕಥೋಲಿಕರಲ್ಲಿ ಇಷ್ಟೇ ಎಂಬ ನಿಗದಿಯಿಲ್ಲ. ಹಣದ ಜಕಾತು ಉಳಿತಾಯದ ಮೇಲೆ. ಅದೂ ನಿಸಾಬ್ ಎಂಬ ಮಿತಿ ಮುಟ್ಟಿ, ಒಂದು ಚಾಂದ್ರವರ್ಷ ಕೈಯಲ್ಲಿ ನಿಂತಿದ್ದರೆ. ಬೆಳ್ಳಿಯಲ್ಲಿ ಆ ಮಿತಿ ಐವತ್ತೆರಡೂವರೆ ತೊಲ, ಸುಮಾರು 612 ಗ್ರಾಂ. ವರ್ಷಕ್ಕೆ 2,40,000 ದುಡಿದು ಅಷ್ಟೂ ಖರ್ಚಾದ ದೋಣಿಯವನಿಗೆ ಹಣದ ಜಕಾತು ಸೊನ್ನೆ. ಅಷ್ಟೇ ದುಡಿಯುವ ಇನ್ನೊಬ್ಬನ ಹತ್ತಿರ ವರ್ಷದಿಂದ 10 ಲಕ್ಷ ಕೂಡಿದ್ದರೆ 25,000. ಎರಡು ಬೇರೆ ಅಳತೆಗೋಲು, ಒಂದರ ಮೇಲೊಂದು ಇಟ್ಟು ನೋಡಲು ಬರುವುದಿಲ್ಲ.

ಇನ್ನೊಂದು ತಪ್ಪು ಹೆಚ್ಚು ಜನ ಮಾಡುವಂಥದ್ದು. ಸೀಮೆಸುಣ್ಣದ ಗೆರೆಯೊಳಗೆ ಹತ್ತು ಬೀಜ ನಿಸಾಬ್ ಎಂದು ಇಟ್ಟು, ನಲವತ್ತು ಬೀಜ ಕೊಟ್ಟರೆ, ಹುಡುಗರು ಹತ್ತನ್ನು ಕಳೆದು ಮೂವತ್ತಕ್ಕೆ ಲೆಕ್ಕ ಹಾಕಿದರು. ಇನ್‌ಕಮ್ ಟ್ಯಾಕ್ಸಿನ ರೀತಿ ಅದು. ಹಣದ ಜಕಾತಿನಲ್ಲಿ ಮಿತಿ ದಾಟಿದರೆ ಪೂರ್ತಿ ನಲವತ್ತಕ್ಕೂ ಲೆಕ್ಕ, ಒಂದು ಬೀಜ ತೆಗೆದಿಡಬೇಕು. ಮಸೀದಿಯ ಡಬ್ಬಿಗೆ ಹಾಕಿದ್ದೆಲ್ಲ ಜಕಾತು ಎಂಬುದೂ ತಪ್ಪು ತಿಳಿವಳಿಕೆಯೇ. ಕಟ್ಟಡ, ಕರೆಂಟು ಬಿಲ್ಲಿಗೆ ಸಾಮಾನ್ಯವಾಗಿ ಬೇರೆ ದಾನ.

ಆ ನಲವತ್ತರ ರಾಶಿಯ ಪಕ್ಕ ಎರಡೇ ಎರಡು ಬೀಜ ಇಟ್ಟು ಮಾರ್ಕನ ಸುವಾರ್ತೆಯ ವಿಧವೆಯ ಕತೆ ಹೇಳಿದೆವು. ದೇವಾಲಯದ ಬೊಕ್ಕಸಕ್ಕೆ ಅವಳು ಹಾಕಿದ್ದು ಎರಡು ತಾಮ್ರದ ಕಾಸು. ಹೆಚ್ಚು ಕೊಟ್ಟವಳು ಅವಳೇ ಎಂದ ಯೇಸು. ಮಕ್ಕಳು ಎರಡೂ ರಾಶಿಯಲ್ಲಿ ಉಳಿದದ್ದನ್ನು ಎಣಿಸಿದರು. ಮೂವತ್ತೊಂಬತ್ತು. ಸೊನ್ನೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತು ಮತ್ತಾಯನ ಸುವಾರ್ತೆಯಲ್ಲೂ ಇದೆ, ಹದೀಸಿನಲ್ಲೂ ಇದೆ. ಅದನ್ನು ಹೇಳುತ್ತಿದ್ದಂತೆ ಅಕ್ಕಿ ಅಳೆದ ಹುಡುಗಿ ಕೈಯೆತ್ತಿದಳು: "ಅಕ್ಕೋರೇ, ಬೊಗಸೆಗೆ ಎರಡೂ ಕೈ ಬೇಕಲ್ಲ?" ಒಳ್ಳೆಯ ಪ್ರಶ್ನೆ. ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಮುಟ್ಟಿಸಿದರೆ ಇನ್ನೂ ಒಳ್ಳೆಯದು ಎಂದು ಕುರಾನ್ ಎರಡಕ್ಕೂ ಜಾಗ ಕೊಟ್ಟಿದೆ. ಕೊಟ್ಟ ಮೇಲೆ ಎತ್ತಿ ಆಡಿ ನೋಯಿಸಿದರೆ ಮಾತ್ರ ಕೊಟ್ಟದ್ದು ವ್ಯರ್ಥ.

ಅಕ್ಕಿಯನ್ನು ಬುಟ್ಟಿಗೆ ತುಂಬುವಾಗ ಒಬ್ಬ ಹುಡುಗ ಹತ್ತಿರ ಬಂದ. ಅವನ ತಾಯಿಗೆ ದಿನ ತುಂಬಿತ್ತು. "ಪಾಪು ಹಬ್ಬದೊಳಗೆ ಹುಟ್ಟಿದ್ರೆ ಅದ್ರ ಲೆಕ್ಕದ್ದೂ ಕೊಡ್ಬೇಕಾ? ಅದು ಅನ್ನ ಉಣ್ಣೋದೇ ಇಲ್ವಲ್ಲ." ರಮಜಾನಿನ ಕೊನೆಯ ದಿನ ಸೂರ್ಯ ಮುಳುಗುವ ಮೊದಲು ಹುಟ್ಟಿದರೆ ಕೊಡಬೇಕು, ಅದರ ಪರವಾಗಿ ತಂದೆ ಕೊಡುತ್ತಾನೆ. ಹುಡುಗ ಹಲಗೆಯ ಕಡೆ ನೋಡಿ, ಬೆರಳು ಮಡಚಿ ಮನೆಯವರನ್ನೆಲ್ಲ ಇನ್ನೊಮ್ಮೆ ಎಣಿಸಿದ. ಏಳು ಇದ್ದದ್ದು ಎಂಟಾಯಿತು.